ಹೆಸರು ಕಳಚಿದ ಪಾತ್ರೆಗಳು

ಜೂನ್ 3, ಸಂಜೆ ಆರೂವರೆ

ಗೋದಾಮಿನಲ್ಲಿ ದಿನವಿಡೀ ಧೂಳು. ಜೋಳದ ಲಾರಿಗಳು, ಒಂದರ ಹಿಂದೆ ಒಂದು. ಮನೆಗೆ ಬಂದು ಸ್ನಾನ. ಮಗಳು ಟೋರಾ ಟಿವಿ ಮುಂದೆ.

ಅಡುಗೆಕಟ್ಟೆಯ ಮೇಲೆ ಇನ್ನೂ ಅವೇ ಪಾತ್ರೆಗಳು. ಹೆಂಡತಿ ಮಾರ್ನಾಳನ್ನು ಮಣ್ಣು ಮಾಡಿದ ವಾರ ಊರಿನವರು ಊಟ ತುಂಬಿಸಿ ತಂದುಕೊಟ್ಟವು. ಗಾಜಿನವು, ಪಿಂಗಾಣಿಯವು. ತಳದಲ್ಲಿ ಕಾಗದದ ಟೇಪು, ಟೇಪಿನ ಮೇಲೆ ಆಯಾ ಮನೆಯಾಕೆಯ ಹೆಸರು. ಏಪ್ರಿಲ್‌ನಿಂದ ಹಾಗೇ ಇವೆ. ಬರಿದಾಗಿ ವಾಪಸ್ ಕೊಡುವಂತಿಲ್ಲ. ಏನಾದರೂ ಮಾಡಿ, ತುಂಬಿಸಿಯೇ ಕೊಡಬೇಕು. ಅದು ಮಾರ್ನಾ ನೋಡಿಕೊಳ್ಳುತ್ತಿದ್ದ ಕೆಲಸ. ನನಗೆ ಮೊಟ್ಟೆ ಬೇಯಿಸಲು ಬರುತ್ತದೆ, ಅಷ್ಟೇ.

ಪಕ್ಕದ ಮನೆಯ ಆರ್ಡಿಸ್ ಟಾಲೆಫ್ಸನ್ ಇವತ್ತೂ ಬಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಮೊಣಕಾಲು ನೋವು, ಆದರೂ ಎರಡೂ ಕೈಯಲ್ಲಿ ಬಿಸಿ ಪಾತ್ರೆ. ಬಾಗಿಲು ತೆರೆದದ್ದು ಟೋರಾ. ಪಾತ್ರೆ ತೆಗೆದುಕೊಂಡಳು. ಬಾಗಿಲು ಹಾಕಿದಳು. ಒಂದು ಮಾತಿಲ್ಲ. ಕಿಟಕಿಯಿಂದ ನೋಡಿದೆ — ಆರ್ಡಿಸ್ ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಕಂಬಿ ಹಿಡಿದು ಮೆಟ್ಟಿಲಿಳಿದರು.

ಬೈದೆ. ಥ್ಯಾಂಕ್ಸ್ ಹೇಳುವುದನ್ನೂ ಮರೆತೆಯಾ ಎಂದೆ. ಟಿವಿಯಿಂದ ಕಣ್ಣು ತೆಗೆಯದೆ ಕೇಳಿದಳು.

“ನೀನು ಹೇಳಿದ್ಯಾ?”

ಒಂಬತ್ತು ವರ್ಷ ಅವಳಿಗೆ.

ಜೂನ್ 4

ಹೋಗಿ ತಪ್ಪಾಯಿತು ಎಂದು ಹೇಳಿ ಬಾ ಎಂದೆ. ಹೋಗುವುದಿಲ್ಲ ಎಂದಳು. ಟಿವಿ ಆರಿಸಿದೆ. ಅಳಲಿಲ್ಲ. ಏಪ್ರಿಲ್‌ನಿಂದ ಅತ್ತೇ ಇಲ್ಲ.

“ಅಮ್ಮ ಸತ್ತಿದ್ದಕ್ಕೆ ತಾನೇ ಅವರೆಲ್ಲ ಊಟ ತಂದಿದ್ದು? ಅದಕ್ಕೂ ಥ್ಯಾಂಕ್ಸ್ ಹೇಳ್ಬೇಕಾ?”

ಟಿವಿ ಮತ್ತೆ ಹಾಕಿದೆ.

ಇದು ಹೀಗೇ ಗಟ್ಟಿಯಾಗಿಬಿಟ್ಟರೆ? ಮಾರ್ನಾ ಇದ್ದಾಗ ಇದೇ ಹುಡುಗಿ ಅಂಚೆಯವನಿಗೂ ನೀರು ಬೇಕಾ ಎಂದು ಕೇಳುತ್ತಿದ್ದಳು. ಈಗ ಬಾಗಿಲು ಹಾಕುತ್ತಾಳೆ. ಯಾರನ್ನು ನೋಡಿ ಕಲಿತಳು… ಬೇರೆ ಯಾರಿದ್ದಾರೆ ಈ ಮನೆಯಲ್ಲಿ.

ಜೂನ್ 8, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಹಿತ್ತಲಲ್ಲಿ ಮಾರ್ನಾ ನೆಟ್ಟ ರೂಬಾರ್ಬ್ ಮೊಣಕಾಲೆತ್ತರ ಬೆಳೆದು ನಿಂತಿದೆ. ಕೆಂಪು ದಂಟು. ಈ ವರ್ಷ ಯಾರೂ ಕೊಯ್ದಿಲ್ಲ. ಕೊಯ್ದೆ. ಒಂದು ತುಂಡು ಕಚ್ಚಿ ನೋಡಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಸಕ್ಕರೆ, ಬೆಣ್ಣೆ, ಹಿಟ್ಟು ಹಾಕಿ ಓವನ್ನಿನೊಳಗಿಟ್ಟೆ. ಮೊದಲನೆಯದು ಕರಟಿತು.

ಟೋರಾ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. “ಅಮ್ಮ ಮೇಲೆ ಓಟ್ಸ್ ಉದುರಿಸ್ತಿದ್ಲು” ಎಂದಷ್ಟೇ ಹೇಳಿ ಹೋದಳು. ಉದುರಿಸಿದೆ. ಎರಡನೆಯದು ತಿನ್ನುವ ಹಾಗಿದೆ.

ಅಷ್ಟರಲ್ಲಿ ಒಂದು ಎಡವಟ್ಟು. ಪಾತ್ರೆಗಳ ಮೇಲೆ ಧೂಳು ಕೂತಿತ್ತು. ಎಲ್ಲವನ್ನೂ ಸ್ನಾನದ ತೊಟ್ಟಿಯಲ್ಲಿ ಬಿಸಿ ಸೋಪುನೀರಿಗೆ ಹಾಕಿಟ್ಟಿದ್ದೆ. ಹೋಗಿ ನೋಡಿದರೆ ಟೇಪುಗಳೆಲ್ಲ ಬಿಟ್ಟುಕೊಂಡು ಮೇಲೆ ತೇಲುತ್ತಿವೆ. ಊರಿನ ಹೆಂಗಸರ ಹೆಸರೆಲ್ಲ ನೊರೆಯ ಮೇಲೆ. ಯಾವುದು ಯಾರದೋ.

ಟೋರಾ ಇಣುಕಿ ನೋಡಿದಳು. ನಕ್ಕಳು! ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಇನ್ನು ಮನೆ ಮನೆಗೂ ಹೋಗಿ ಕೇಳ್ಬೇಕು ನೀನು.”

ನೀನೂ ಬಾ ಎಂದೆ. ಗಾಡಿಯಲ್ಲಿ ಕೂತಿರುತ್ತಾಳಂತೆ. ಇಳಿಯುವುದಿಲ್ಲವಂತೆ. ಆಗಲಿ ಎಂದೆ.

ಜೂನ್ 10, ರಾತ್ರಿ ಊಟಕ್ಕೆ ಮುಂಚೆ

ಕೆಲಸ ಮುಗಿಸಿ ಹೊರಟೆವು. ಹಿಂದಿನ ಸೀಟಿನ ತುಂಬ ಪಾತ್ರೆ, ಒಂದೊಂದರಲ್ಲೂ ನನ್ನ ರೂಬಾರ್ಬ್ ಕೇಕಿನ ತುಂಡುಗಳು. ಈ ಊರಿನಲ್ಲಿ ಇದು ನನ್ನದು ಎಂದು ಯಾರೂ ಒಪ್ಪುವುದಿಲ್ಲ. ಕ್ಲಾರಿಸ್ ನೈಗಾರ್ಡ್ ಹೂವಿನ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇಷ್ಟು ಚೆನ್ನಾಗಿರುವುದು ತನ್ನದಿರಲಾರದು ಎಂದರು. ಅದರ ಮುಚ್ಚಳ ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಕಾಣುತ್ತಿತ್ತು.

ಕಾಫಿ ಕುಡಿಯುತ್ತೀಯಾ ಎಂದರು. ಬೇಡ ಎಂದೆ. ಮಾಡಿದ್ದೇ ಇದೆ ಎಂದರು. ತೊಂದರೆ ಬೇಡ ಎಂದೆ. ನಮ್ಮಲ್ಲಿ ಹೀಗೇ, ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಒಪ್ಪಬೇಕು. ಏಪ್ರಿಲ್‌ನಿಂದ ನಾನು ಮೊದಲ ‘ಬೇಡ’ಕ್ಕೇ ಬಾಗಿಲು ಹಾಕಿಕೊಂಡು ಬಂದಿದ್ದೇನೆ. ಯಾರಿಗೂ ಮೂರನೆಯ ಸಲ ಕೇಳಲು ಬಿಟ್ಟಿಲ್ಲ. ಇವತ್ತು ನಿಂತೆ. ಅವರು ಮತ್ತೆ ಕೇಳಿದರು.

“ಸರಿ, ಚೂರೇ ಚೂರು.”

ಬಾಯಿಂದ ಬಂದಮೇಲೆ ಗೊತ್ತಾಯಿತು, ಅದು ಮಾರ್ನಾಳ ಮಾತು. ಎಲ್ಲಿ ಹೋದರೂ ಹಾಗೆಂದೇ ಹೇಳಿ ಎರಡು ಕಪ್ಪು ಕುಡಿದು ಬರುತ್ತಿದ್ದಳು. ಕ್ಲಾರಿಸ್ ಕಾಫಿ ಪಾತ್ರೆ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ಆಮೇಲೆ ಹೇಳಿದರು. ಅವರ ಗಂಡನಿಗೆ ಎದೆನೋವು ಬಂದ ದಿನ ಹಿಮಗಾಳಿಯಲ್ಲಿ ಆಸ್ಪತ್ರೆಗೆ ಗಾಡಿ ಓಡಿಸಿದ್ದು ಮಾರ್ನಾ, ದಾರಿಯುದ್ದಕ್ಕೂ ಅಪಸ್ವರದಲ್ಲಿ ಹಾಡುತ್ತಾ. ಅವರ ಗಂಡ ನೋವಿನಲ್ಲೂ, ಹಾಡು ನಿಲ್ಲಿಸಿದರೆ ಬದುಕುತ್ತೇನೆ ಅಂದರಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಹೇಳಿಕೊಳ್ಳುವವಳೂ ಅಲ್ಲ ಅವಳು.

“ನೀವು ತಂದ ಊಟಾನೇ ಆ ವಾರ ನಮ್ಮನ್ನ ನಿಲ್ಲಿಸಿದ್ದು. ನಾನು ಹೇಳಿರ್ಲಿಲ್ಲ” ಎಂದೆ. ಹೇಗೋ ಹೇಳಿ ಮುಗಿಸಿದೆ.

ತಿರುಗಿದರೆ ಜಾಲರಿ ಬಾಗಿಲ ಒಳಗೆ ಟೋರಾ. ಯಾವಾಗ ಬಂದಳೋ. ಮುಂದಿನ ಮನೆಯಲ್ಲಿ ನನಗಿಂತ ಮೊದಲು ಗಾಡಿ ಇಳಿದಳು.

ಜೂನ್ 11

ಆರ್ಡಿಸ್ ಮೊನ್ನೆ ತಂದ ಗಾಜಿನ ಪಾತ್ರೆ ಬಿಟ್ಟರೆ ಇನ್ನು ಉಳಿದದ್ದು ಒಂದು ನೀಲಿಯದು. ಯಾರೂ ನಮ್ಮದು ಎನ್ನಲಿಲ್ಲ. ಇದ್ದಬದ್ದ ಮನೆಗಳೆಲ್ಲ ಆಗಿದ್ದವು. ಗಾಜಿನದನ್ನು ನಾನು ಹಿಡಿದೆ, ನೀಲಿಯದನ್ನು ಟೋರಾ ಎದೆಗೊತ್ತಿಕೊಂಡು ಆರ್ಡಿಸ್ ಮನೆಗೆ ತಂದಳು.

ಆರ್ಡಿಸ್ ಕನ್ನಡಕ ಹಾಕಿಕೊಂಡು ನೋಡಿದರು.

“ಇದು ನಿಮ್ಮನೇದೇ ಕಣೋ ವೆಂಡೆಲ್. ಕ್ರಿಸ್‌ಮಸ್‌ಗೆ ಮಾರ್ನಾ ಇದ್ರಲ್ಲಿ ಸೂಪ್ ತಂದಿದ್ಲು. ಬರೀ ಪಾತ್ರೆ ಹೇಗೆ ಕೊಡೋದು ಅಂತ ಇಟ್ಕೊಂಡಿದ್ದೆ. ಆಮೇಲೆ… ಮೊದಲನೇ ದಿನದ ಊಟ ಇದ್ರಲ್ಲೇ ತಂದೆ.”

“ನಂಗೊತ್ತಿತ್ತು” ಎಂದಳು ಟೋರಾ.

ಮತ್ತೆ ಯಾಕೆ ಹೇಳಲಿಲ್ಲ ಎಂದೆ. ಪಾತ್ರೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಳು.

“ಹೇಳಿದ್ರೆ ನೀನು ಇನ್ನೊಂದು ಮನೆಗೆ ಹೋಗ್ತಿರ್ಲಿಲ್ಲ. ಎಲ್ರೂ ಅಮ್ಮಂದು ಒಂದೊಂದು ಕಥೆ ಹೇಳ್ತಿದ್ರು.”

ಆರ್ಡಿಸ್ ಬಿಸ್ಕತ್ತಿನ ಡಬ್ಬಿ ತೆಗೆದು ಅವಳ ಮುಂದೆ ಹಿಡಿದರು. ಬೇಡ ಎಂದಳು. ಒಂದಾದರೂ ತಗೋ ಎಂದರು. ಬೇಡ, ಹೊಟ್ಟೆ ತುಂಬಿದೆ ಎಂದಳು. ಮೂರನೆಯ ಸಲ ಡಬ್ಬಿ ಅಲ್ಲಾಡಿಸಿದರು.

“ಸರಿ, ಚೂರೇ ಚೂರು.”

ನಾನು ಗೋಡೆಯ ಗಡಿಯಾರ ನೋಡಿದೆ.

ಹೊರಡುವಾಗ, ನಾನೇನೂ ಹೇಳಿಕೊಟ್ಟಿರಲಿಲ್ಲ, ಅವಳೇ ಹೊಸ್ತಿಲಲ್ಲಿ ನಿಂತು ಮೆಲ್ಲಗೆ, ಅವತ್ತು ನಿಮ್ಮ ಮುಖದ ಮೇಲೇ ಬಾಗಿಲು ಹಾಕಿಬಿಟ್ಟೆ ಎಂದಳು.

“ಹಾಕ್ದೆ. ಆದ್ರೆ ಪಾತ್ರೆ ಒಳಗಿಟ್ಕೊಂಡು ಹಾಕ್ದೆ ಅಲ್ವಾ ಮರಿ” ಎಂದರು ಆರ್ಡಿಸ್. “ಹೊರಗಿಟ್ಟು ಹಾಕಿದ್ರೆ ನಂಗೆ ಬೇಜಾರಾಗ್ತಿತ್ತು.”

“ಥ್ಯಾಂಕ್ಸ್, ಮಿಸೆಸ್ ಟಾಲೆಫ್ಸನ್.”

ಮನೆಗೆ ಬಂದಮೇಲೆ ಅತ್ತಳು. ತುಂಬ ಹೊತ್ತು. ಪಕ್ಕದಲ್ಲಿ ಕೂತಿದ್ದೆ.

ಜೂನ್ 26, ಸಂಜೆ

ಆರ್ಡಿಸ್ ಮೊಣಕಾಲಿನ ಆಪರೇಷನ್ ಆಯಿತು. ನೀಲಿ ಪಾತ್ರೆ ತುಂಬಿಸೋಣ ಎಂದವಳು ಟೋರಾ. ಕೊಚ್ಚಿದ ಮಾಂಸ ನಾನು ಹುರಿದೆ. ಆಲೂಗಡ್ಡೆ ಅವಳು ಜೋಡಿಸಿದಳು, ಸಾಲು ತಪ್ಪದೆ, ಅವಳಮ್ಮನ ಹಾಗೆ. ಮೇಲೆ ಚೀಸು.

ತುಂಬಿಸುವ ಮೊದಲೇ ತಳಕ್ಕೆ ಹೊಸ ಟೇಪು ಅಂಟಿಸಿ ಹೆಸರು ಬರೆದಳು. ಯಾರ ಹೆಸರು ಬರೀಲಿ ಎಂದು ಕೇಳಿದ್ದಳು. ನಿನಗೆ ಸರಿ ಕಂಡದ್ದು ಎಂದಿದ್ದೆ. ಬೆನ್ನು ತಿರುಗಿಸಿಕೊಂಡು ಬರೆದಳು, ತೋರಿಸಲಿಲ್ಲ. ಈಗ ಪಾತ್ರೆ ತುಂಬಿದೆ. ತಿರುಗಿಸಿ ನೋಡುವ ಹಾಗಿಲ್ಲ.

ನಾಳೆ ಹನ್ನೊಂದು ಗಂಟೆಗೆ ಆರ್ಡಿಸ್ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ.