ಡಿಪೊ ಗೋಡೆಗೆ ಬಿಳಿ ಬಳಿದವನ ಸಮಜಾಯಿಷಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ಬಸ್ ಡಿಪೊ ಗೋಡೆಯ ಮೇಲಿದ್ದ ಇಲಾಖೆಯ ಬರಹವನ್ನು ಅಳಿಸಿದ್ದೇಕೆ, ಏಳು ದಿನದೊಳಗೆ ಸಮಜಾಯಿಷಿ ಕೊಡಿ ಎಂಬ ನಿಮ್ಮ ನೋಟಿಸು ತಲುಪಿತು. ಅಳಿಸಿದವನು ನಾನೇ. ಹಾಡಹಗಲಲ್ಲಿ ಏಣಿ ಹಾಕಿ ಎರಡು ಕೋಟು ಬಿಳಿ ಬಳಿದೆ. ಆರು ವರ್ಷದ ಹಿಂದೆ ಅದನ್ನು ಅಲ್ಲಿ ಬರೆದ ಪೇಂಟರೂ ನಾನೇ. ಸುಳ್ಳನ್ನು ಊರೆಲ್ಲ ಓದುವಂತೆ ಬರೆದವನು ಸಮಜಾಯಿಷಿಯನ್ನು ಲಕೋಟೆಯಲ್ಲಿಟ್ಟು ಕೊಡುವುದು ಸರಿಯಲ್ಲವೆಂದು ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

'ತಂಬಾಕು ಇಲ್ಲದಿದ್ದರೆ ಗಂಟಲು ಕ್ಯಾನ್ಸರ್ ಇಲ್ಲ.' ಇದೇ ಆ ಸಾಲು. ಹಳದಿ ನೆಲ, ಕೆಂಪು ಅಕ್ಷರ, ಒಂದೊಂದೂ ಮೊಳದೆತ್ತರ. ನನ್ನ ತಮ್ಮ ಅದೇ ಡಿಪೊದಲ್ಲಿ ಕಂಡಕ್ಟರು. ಜನ್ಮದಲ್ಲಿ ಸಿಗರೇಟಾಗಲಿ ಎಲೆ ತಂಬಾಕಾಗಲಿ ಮುಟ್ಟಿದವನಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ನಾನು ಬಣ್ಣ ಕಲಸುತ್ತಿದ್ದಾಗ ಬಂದು ಕತ್ತು ವಾಲಿಸಿ ನಿಂತ.

"ಅಣ್ಣಾ, ಇಲ್ಲಿ ಮುಟ್ಟಿ ನೋಡು. ಶೇವ್ ಮಾಡ್ಕೊಳ್ಳುವಾಗ ಸಿಕ್ತು, ಏನೋ ಗಂಟು. ಡಾಕ್ಟ್ರಿಗೆ ತೋರಿಸ್ಲಾ?"

ಮುಟ್ಟಿದೆ. ದವಡೆಯ ಕೆಳಗೆ ಗೋಲಿಯಷ್ಟಿತ್ತು. "ನೋವಿದ್ಯಾ?" ಎಂದೆ. ಇಲ್ಲವೆಂದ.

"ನೋವಿಲ್ಲ, ಸಿಗರೇಟಿಲ್ಲ, ಮತ್ಯಾಕೋ ಭಯ? ನಿಮ್ಮ ಡಿಪೊ ಗೋಡೆ ಮೇಲೇ ಬರ್ದಿದೀನಲ್ಲ, ಓದಿಲ್ವಾ?"

"ದಿನಾ ಓದ್ತೀನಪ್ಪಾ," ಎಂದು ನಕ್ಕು ಡ್ಯೂಟಿಗೆ ಹೋದ. ಅವನ ಕತ್ತಿನಲ್ಲಿ ನನ್ನ ಬೆರಳಿನ ಕೆಂಪು ಬಣ್ಣ ಅಂಟಿತ್ತು. ಅದನ್ನು ಒರೆಸಿ ಕಳಿಸಿದ್ದಷ್ಟೇ ನಾನು ಮಾಡಿದ ಉಪಚಾರ.

ಎಂಟು ತಿಂಗಳು ಕಳೆಯಿತು. ಗೋಲಿ ನಿಂಬೆಹಣ್ಣಾಯಿತು, ತುತ್ತು ಇಳಿಯದಾಯಿತು. ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಇದು ಪ್ಯಾಪಿಲೋಮಾ ವೈರಸ್‌ನಿಂದ ಬಂದಿದ್ದು. ಟಾನ್ಸಿಲ್‌ನಲ್ಲಿ, ನಾಲಿಗೆ ಬುಡದಲ್ಲಿ ಸೇರ್ಕೊಳ್ಳುತ್ತೆ. ಬಹಳ ಜನಕ್ಕೆ ತಗಲಿ ತಾನಾಗೇ ಹೋಗುತ್ತೆ. ಕೆಲವ್ರಲ್ಲಿ ಮಾತ್ರ ವರ್ಷಗಟ್ಟಲೆ ಉಳ್ದು ಹೀಗಾಗುತ್ತೆ." ಅದು ದೇಹಸಂಬಂಧದಲ್ಲಿ ಹರಡುತ್ತದೆ, ಬಾಯಿಂದಲೂ ತಗಲುತ್ತದೆ ಎಂದಾಗ ತಮ್ಮನ ಹೆಂಡತಿ ತಲೆ ತಗ್ಗಿಸಿದಳು. ಡಾಕ್ಟರಮ್ಮ ಅವಳ ಕೈ ಹಿಡಿದರು. "ಯಾವಾಗ, ಯಾರಿಂದ ಅಂತ ಯಾರೂ ಹೇಳೋಕಾಗಲ್ಲಮ್ಮ. ಎಷ್ಟೋ ವರ್ಷದ ಹಿಂದಿಂದಿರ್ಬಹುದು. ಯಾರ ಮೇಲೂ ಬೊಟ್ಟು ಮಾಡ್ಬೇಡಿ. ಸಿಗರೇಟು ಸೇದಲ್ಲ ಅಂತ ಬರೋದನ್ನೇ ತಡ ಮಾಡ್ತಾರಲ್ಲ, ಅದೊಂದೇ ನನಗೆ ಬೇಜಾರು."

ಯಾರ ಮೇಲೂ ಬೊಟ್ಟು ಮಾಡಬೇಡಿ ಎಂದ ಆ ಮಾತು ನನಗೆ ಅನ್ವಯಿಸುವುದಿಲ್ಲವೆಂದು ನನಗೊಬ್ಬನಿಗೇ ಗೊತ್ತಿತ್ತು.

ವೈರಸ್ಸಿನ ವಿಷಯವನ್ನೂ ಸೇರಿಸಿ ಸಾಲನ್ನು ತಿದ್ದಿಸೋಣವೆಂದು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಸಹಾಯಕರು ಬಾಗಿಲು ಮುಂದೆ ಮಾಡಿ, "ಅದನ್ನೆಲ್ಲ ಗೋಡೆ ಮೇಲೆ ಬರೆಯೋಕಾಗುತ್ತೇನ್ರೀ? ಮರ್ಯಾದಸ್ಥರು ಓಡಾಡೋ ಜಾಗ," ಎಂದರು. ಮಾನ್ಯರೇ, ಈ ವೈರಸ್ಸು ಮರ್ಯಾದಸ್ಥರ ಮನೆಯನ್ನು ಬಿಟ್ಟು ಮುಂದೆ ಹೋಗುತ್ತದೆಂದು ಯಾವ ಸುತ್ತೋಲೆಯಲ್ಲಿದೆ? ಅವರ ಬೆನ್ನ ಹಿಂದೆ ಇದೇ ವೈರಸ್ಸಿನ ಲಸಿಕೆಯ ಚಿತ್ರವಿತ್ತು. ಅದರಲ್ಲಿದ್ದವರೆಲ್ಲ ಹುಡುಗಿಯರೇ. ಹುಡುಗರಿಗೆ ಗಂಟಲಿಲ್ಲವೇ?

ಇಷ್ಟು ಹೊತ್ತು ನಿಮ್ಮನ್ನು ಬೈದೆ. ಬೈಯುವುದು ಸುಲಭ. ಮುಂದಿನದನ್ನು ಬರೆಯಲು ಮೂರು ದಿನ ಹಿಡಿಯಿತು.

ನೀವು ಕೊಟ್ಟ ಚೀಟಿಯಲ್ಲಿ ಆ ಸಾಲು ಹಾಗಿರಲಿಲ್ಲ. 'ತಂಬಾಕು ಇಲ್ಲದಿದ್ದರೆ ಗಂಟಲು ಕ್ಯಾನ್ಸರ್ ಅಪಾಯ ಬಹಳ ಕಡಿಮೆ' ಎಂದಿತ್ತು. ಕೆಲಸ ಬಲ್ಲವನು ಮೊದಲು ಸೀಮೆಸುಣ್ಣದಲ್ಲಿ ಅಳತೆ ಹಾಕುತ್ತಾನೆ. ಬಿಸಿಲೇರುತ್ತಿತ್ತು, ನಾನು ಹಾಕಲಿಲ್ಲ. 'ಕ್ಯಾನ್ಸರ್' ಮುಗಿಯುವಷ್ಟರಲ್ಲಿ ನೀರಿನ ಪೈಪು ಅಡ್ಡ ಬಂತು. ಉಳಿದದ್ದು ಎರಡಕ್ಷರದ ಜಾಗ. 'ಇಲ್ಲ' ಎಂದು ಬರೆದು ಏಣಿ ಇಳಿದೆ. ನಿಮ್ಮ ಇನ್‌ಸ್ಪೆಕ್ಟರು ಬಂದರು, ಚೀಟಿ ತೆಗೆದು ಹೋಲಿಸಲಿಲ್ಲ. "ಚೆನ್ನಾಗಿದೆ, ಬಾಯಲ್ಲಿ ನಿಲ್ಲುತ್ತೆ. ಎಲ್ಲ ಗೋಡೆಗೂ ಇದನ್ನೇ ಹಾಕಿ," ಎಂದರು. ಡಿಪೊ ಗೋಡೆಯೂ ಸೇರಿ ನಲವತ್ತು ಗೋಡೆಗೆ ಹಾಕಿದೆ. ಹಾಕುತ್ತ ಹಾಕುತ್ತ ನನಗೇ ಅದು ನಿಜವಾಗಿಬಿಟ್ಟಿತ್ತು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು. ಉಣ್ಣಬೇಕಾದವನು ನನ್ನ ತಮ್ಮ, ಅವನಿಗೆ ಗಂಜಿಯೂ ನೀರಿನ ಜೊತೆಗೇ ಇಳಿಯಬೇಕು. ವಿಕಿರಣ ಚಿಕಿತ್ಸೆ ಮುಗಿದಿದೆ. ಉಳಿಯುತ್ತಾನೆ ಎಂಬ ಭರವಸೆ ಡಾಕ್ಟರಮ್ಮನಿಗಿದೆ. ಆದರೆ ತುಂಬಿದ ಬಸ್ಸಿನ ಕೊನೆಗೂ ಕೇಳುತ್ತಿದ್ದ ಆ ದನಿ ಈಗ ಮೇಜಿನಾಚೆಗೆ ಕೇಳುವುದಿಲ್ಲ. ಡಿಪೊದವರು ಪ್ರಯಾಣಿಕರು ಬಿಟ್ಟುಹೋದ ಛತ್ರಿ, ಚೀಲ ನೋಡಿಕೊಳ್ಳುವ ಕೋಣೆಯಲ್ಲಿ ಅವನನ್ನು ಕೂರಿಸಿದ್ದಾರೆ. ಆ ಕೋಣೆಯ ಕಿಟಕಿಯೆದುರಿಗೇ ನನ್ನ ಗೋಡೆ. ಅದಕ್ಕೇ ಮೊದಲು ಅದನ್ನು ಅಳಿಸಿದೆ.

ಈಗ ನನ್ನ ಬೇಡಿಕೆ. ನೋಟಿಸಿನ ಶಿಕ್ಷೆ ಏನಿದ್ದರೂ ಕೊಡಿ. ಮಿಕ್ಕ ಮೂವತ್ತೊಂಬತ್ತು ಗೋಡೆಗಳನ್ನೂ ಅಳಿಸಲು ಅಪ್ಪಣೆ ಕೊಡಿ. ತಂಬಾಕು ಕೆಡುಕೇ, ಅದನ್ನು ಬರೆಯುತ್ತೇನೆ. ವೈರಸ್ಸಿನಿಂದಲೂ ಗಂಟಲು ಕ್ಯಾನ್ಸರ್ ಬರುತ್ತದೆ, ಕತ್ತಿನ ಗಂಟು ಎರಡು ಮೂರು ವಾರಕ್ಕೂ ಕರಗದಿದ್ದರೆ ಸಿಗರೇಟು ಸೇದದವರೂ ಡಾಕ್ಟರಿಗೆ ತೋರಿಸಿ ಎಂದೂ ಬರೆಯುತ್ತೇನೆ. ಗಂಡುಮಕ್ಕಳಿಗೂ ಲಸಿಕೆ ಹಾಕಿಸುವ ಏರ್ಪಾಡು ನೀವು ಮಾಡಿ. ಸಾಲು ಉದ್ದವಾಯಿತು, ಗೋಡೆ ಸಾಲದು ಎಂದು ಮಾತ್ರ ಹೇಳಬೇಡಿ. ಆ ಕಾರಣ ನಾನು ಒಮ್ಮೆ ಹೇಳಿ ಆಗಿದೆ. ಪೈಪಿನ ಕಥೆಯನ್ನು ತಮ್ಮನಿಗೆ ಹೇಳಿ ಅತ್ತಾಗ ಅವನು ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ಇದ್ದಷ್ಟೇ ದನಿಯಲ್ಲಿ ಹೇಳಿದ:

"ಜಾಗ ಸಾಲ್ದಿದ್ರೆ ಅಕ್ಷರ ಚಿಕ್ಕದು ಮಾಡ್ಬೇಕಿತ್ತು ಕಣಣ್ಣಾ."

ಇಂತಿ,
ಅಳತೆ ಹಾಕದೆ ಬರೆದ ಪೇಂಟರ್