ದೇವರಿಗೆ ಅರ್ಧ ಕಂಬಳಿ

ರೋಣ,
ತಾ. ೨೦-೯-೧೯೫೪

ತಾಯಿಯಂತೆ ನನ್ನನ್ನು ಸಾಕಿದ ಅಕ್ಕ ಶೇಖವ್ವನಿಗೆ ತಮ್ಮ ಹೊಳಿಯಪ್ಪನ ಸಾಷ್ಟಾಂಗ ನಮಸ್ಕಾರ.

ಗಜೇಂದ್ರಗಡದಲ್ಲಿ ಈ ಪತ್ರವನ್ನು ನಿನಗೆ ಓದಿ ಹೇಳುವ ಅಂಚೆಯ ಪರಶಪ್ಪನಿಗೆ ಮೊದಲೊಂದು ವಿನಂತಿ: ಯಾವ ಸಾಲನ್ನೂ ಹಾರಿಸಬೇಡಪ್ಪ. ಅಕ್ಕ ಸಿಟ್ಟಾದರೆ ಬೈಗಳು ನನಗೆ, ನಿನಗಲ್ಲ.

ಮಹಾನವಮಿ ಅಮಾವಾಸ್ಯೆಗೆ ಬೀರಪ್ಪ ದೇವರ ಗದ್ದಿಗೆಗೆ ಹಾಸಬೇಕು, ಕಂಬಳಿ ಒಯ್ಯಲು ಗುರುವಾರದ ಮೋಟಾರಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದೀ. ಬಾ. ಆದರೆ ಬರುವ ಮುಂಚೆ ಇಲ್ಲಿ ಏನು ನಡೆದಿದೆ ಎಂಬುದು ನಿನಗೆ ಗೊತ್ತಿರಬೇಕು.

ಜ್ವರ ಬಂದು ನಮ್ಮ ಮಗಳು ಮಾನಿಯ ಬಲಗಾಲು ಸೋತಾಗ ನೀನೇ ಆ ಕಂಬಳಿ ಕಳಿಸಿದೆ. ಮುತ್ತಜ್ಜನ ಕಾಲದಿಂದ ದೇವರನ್ನು ಬಿಟ್ಟು ಬೇರೆ ಯಾರೂ ಕೂತಿರದ ಕರಿ ಕಂಬಳಿ. "ಕೂಸಿನ ಕೆಳಗ ಹಾಸ್ರಿ. ನೀರು ತಾಕಬಾರದು, ಕಬ್ಬಿಣ ತಾಕಬಾರದು. ಉಳಿದದ್ದು ಬೀರಪ್ಪ ನೋಡಕೋತಾನ" ಎಂದು ನಿನ್ನ ಅಪ್ಪಣೆ. ಹಾಗೇ ಹಾಸಿದೆವು. ನನ್ನ ಮನೆಯಾಕೆ ಹೊನ್ನವ್ವ ದಿನಾ ಅದರ ಅಂಚಿಗೆ ಭಂಡಾರದ ಅರಿಸಿನ ಹಚ್ಚಿ ಕೈ ಮುಗಿದಳು. ನಾನು ಬಿ.ಎ. ಪಾಸಾದ ಮಾಸ್ತರ, ಯಾರೂ ನೋಡದಾಗ ಮುಗಿದೆ.

ಆಮೇಲೆ ನರಗುಂದದಿಂದ ಡಾಕ್ಟರು ಬಂದರು. ಇದು ಪೋಲಿಯೋ ಎಂದರು. ಕಾಲು ಸೆಟೆದು ಸೊಟ್ಟಗಾಗುವ ಮುನ್ನ ಉಣ್ಣೆಯ ಪಟ್ಟಿಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಸುತ್ತಬೇಕು, ಆರಿದ ಕೂಡಲೇ ಇನ್ನೊಂದು, ತಿಂಗಳುಗಟ್ಟಲೆ ಬಿಡಬಾರದು. ಅರಿವೆ ನಡೆಯದು, ಉಣ್ಣೆಯೇ ಬೇಕು. ಸಂತೆಯಿಂದ ಹೊಸ ಕಂಬಳಿ ತಂದೆ. ಅದರ ಒರಟಿಗೆ ಕೂಸಿನ ತೊಗಲು ಕಿತ್ತು ಬಂತು. "ಹಳೇದು, ಮೆತ್ತಂದು ಮನ್ಯಾಗ ಇಲ್ಲೇನ್ರಿ ಮಾಸ್ತರ?" ಎಂದು ಡಾಕ್ಟರು ಕೇಳಿದರು. ಹುಡುಗಿಯ ಕೆಳಗೆ ಹಾಸಿದ್ದನ್ನು ಬಿಟ್ಟು ನಾವಿಬ್ಬರೂ ಜಂತಿ ನೋಡುತ್ತ ನಿಂತೆವು.

ಅಕ್ಕ, ಆ ಮಧ್ಯಾಹ್ನ ನಾನು ಕತ್ತರಿ ತೆಗೆದುಕೊಂಡೆ. ಅರ್ಧ ಕಂಬಳಿ ಪಟ್ಟಿಪಟ್ಟಿಯಾಗಿ ಒಲೆಯ ಮೇಲಿನ ಹಂಡೆಗೆ ಬಿತ್ತು. ನೀರೂ ತಾಕಿತು, ಕಬ್ಬಿಣವೂ ತಾಕಿತು. ಹೊನ್ನವ್ವನಿಗೆ ಏನೂ ಅನ್ನಬೇಡ. ಆಕೆ ಆಗ ಹಿತ್ತಲಲ್ಲಿದ್ದಳು.

ಪಟ್ಟಿ ಸುತ್ತುವಾಗ ಮಾನಿ ಕೂಗುವುದು ಓಣಿಗೆಲ್ಲ ಕೇಳುತ್ತದೆ. "ದೇವರ ಕಂಬಳಿ ಕುದಿಸಿದವರಿಗೆ ಕಾಲ ಹ್ಯಾಂಗ ಬರ್ತೈತಿ?" ಎಂದು ನೆರೆಮನೆಯ ಅಡಿವೆವ್ವ ಬಾವಿಕಟ್ಟೆಯಲ್ಲಿ ಆಡಿಕೊಂಡಳಂತೆ. ಸಂಜೆಗೆ ತಾನೇ ಒಂದು ಹೊರೆ ಕಟ್ಟಿಗೆ ತಂದು ಹಾಕಿ ಹೋದಳು. ಪ್ರಾಸದ ಹುಚ್ಚು ನನಗೆ ಇದ್ದೇ ಇದೆಯಲ್ಲ, ಕೂಸಿನ ಅಳು ಮರೆಸಲು ಒಂದು ಪದ ಕಟ್ಟಿದೆ:

ಕಂಬಳಿ ಬಂತು ಕುದಕೋತ,
ಬ್ಯಾನಿ ಓಡಿತು ಅಳಕೋತ.

"ಬ್ಯಾನಿ ಎಲ್ಲೆ ಅತ್ತೈತಪ್ಪಾ? ಅಳಾಕತ್ತಾಕಿ ನಾನು" ಎಂದಳು ಮಾನಿ. ವಿಮರ್ಶಕಿ ಮನೆಯಲ್ಲೇ ಇದ್ದಾಳೆ.

ಗುಣ ಎಷ್ಟು ಎಂದು ಕೇಳುತ್ತೀ. ಕಾಲು ಇನ್ನೂ ಎತ್ತಲಾರಳು. ಮೊನ್ನೆ ಹೆಬ್ಬೆರಳು ಅಲುಗಿದ್ದನ್ನು ನಾನು ಕಂಡೆ. ಡಾಕ್ಟರು ಬಂದಾಗ ಅಲುಗಲಿಲ್ಲ. ಇನ್ಸ್‌ಪೆಕ್ಟರು ಬಂದಾಗ ನನ್ನ ಸಾಲೆಯ ಹುಡುಗರೂ ಹೀಗೇ ಮಾಡುತ್ತಾರೆ. ಆದರೆ ತೊಡೆ ಸೆಟೆಯುವುದು ಕಡಿಮೆಯಾಗಿದೆ, ನಿದ್ದೆ ಹತ್ತುತ್ತದೆ. ನಡೆಯುತ್ತಾಳೋ ಇಲ್ಲವೋ, ಡಾಕ್ಟರೂ ಹೇಳಲಿಲ್ಲ, ಬೀರಪ್ಪನೂ ಹೇಳಲಿಲ್ಲ. ಹೇಳದಿದ್ದರೂ ನಂಬಿಯೇ ನೀರು ಕಾಯಿಸುತ್ತಿದ್ದೇವೆ. ಆತ ಕಾಲು ಕೊಟ್ಟರೆ ಕೈ ಮುಗಿಯುತ್ತೇನೆ. ಕೊಡದಿದ್ದರೂ ಮುಗಿಯುತ್ತೇನೆ, ಮುಗಿದು ಕೋಲು ಹಿಡಿಸಿ ನಡೆಸುತ್ತೇನೆ. ಒಲೆ ಮಾತ್ರ ಆರಿಸುವುದಿಲ್ಲ. ಗುರುವಾರ ನೀನು ಬಾಗಿಲಲ್ಲಿ ನಿಂತು ಮಣ್ಣು ತೂರಿ ಶಪಿಸಿದರೂ ಪಟ್ಟಿ ಬಿಚ್ಚುವುದಿಲ್ಲ.

ಉಳಿದರ್ಧ ಕಂಬಳಿಯನ್ನು ಮಡಚಿ ಇಟ್ಟಿದ್ದೇವೆ, ನೀರು ಮುಟ್ಟಿಸಿಲ್ಲ. ಅಮಾವಾಸ್ಯೆಗೆ ಅದನ್ನೇ ಹಾಸು. ಈ ವರ್ಷ ಬೀರಪ್ಪ ಸ್ವಲ್ಪ ಒತ್ತರಿಸಿಕೊಂಡು ಕೂರಲಿ.

ಮಾನಿ ನನ್ನ ಪದಕ್ಕೆ ತಾನೇ ಒಂದು ಸಾಲು ಕೂಡಿಸಿದ್ದಾಳೆ: "ಅತ್ತಿ ಮನಿಗೆ ಬರ್ತೇನಿ ಕುಂಟಕೋತ." ಪ್ರಾಸದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ನಿನ್ನ ಬೈಗಳಿಗೆ ತಲೆಬಾಗಿ, ಪಟ್ಟು ಬಿಡದೆ ಕುಳಿತಿರುವ ತಮ್ಮ,
ಹೊಳಿಯಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಹೊನ್ನವ್ವ ಪತ್ರ ಓದಿಸಿಕೊಂಡಳು. "ನಾ ಹೇಳಿದ್ದನ್ನ ಹೇಳಿದಂಗ ಬರೀರಿ" ಎಂದು ಎದುರಿಗೇ ಕುಳಿತಿದ್ದಾಳೆ. ಬರೆಯುತ್ತಿದ್ದೇನೆ:

"ಅಕ್ಕಾರ, ಇವರು ಸುಳ್ಳ ಬರದಾರ. ಕತ್ತರಿ ತಗೊಂಡಿದ್ದು ಖರೇ, ಕೆಳಗ ಇಟ್ಟು ಕಂಬಳಿಗೆ ಕೈ ಮುಗದರು. ಕತ್ತರಿಸಿದಾಕಿ ನಾನು. ಭಂಡಾರ ಹಚ್ಚೇ ಕತ್ತರಿಸೇನಿ. ಅದು ಬೀರಪ್ಪ ಕೂಡೂ ಕಂಬಳಿ ಹೌದಲ್ರಿ? ಹಂಗಾದ್ರ ಬ್ಯಾನಿ ಎಲ್ಲೈತಿ ಅಲ್ಲೇ ಬಂದು ಕೂಡಪ್ಪಾ ಅಂದೆ. ಗುರುವಾರ ಬರ್ರಿ. ಬೈಯೂದಿದ್ರ ನನಗ ಬೈರಿ. ಬೈಕೋತನ ನಾಕು ಪಟ್ಟಿ ಹಿಂಡಿ ಕೊಡ್ರಿ. ನನ್ನ ಅಂಗೈ ಬೊಬ್ಬಿ ಎದ್ದಾವು."