ಮೇಜಿನ ಕೆಳಗಿನ ಗಣಿ ಮತ್ತು ಅದರಲ್ಲಿ ಸಿಕ್ಕಿಕೊಂಡ ತೀರ್ಪು

ಗೊಂಬೆ ಸ್ಪರ್ಧೆಯ ಮಾನ್ಯ ಮುಖ್ಯ ತೀರ್ಪುಗಾರರೇ,

ನಮ್ಮ ಊಟದ ಮೇಜಿನ ಕೆಳಗೆ ಸಿಕ್ಕಿಕೊಂಡವರು ನೀವು. ಅನರ್ಹವಾಗಲಿರುವುದು ನನ್ನ ಗೊಂಬೆಗಳು. ಇದು ಯಾವ ನ್ಯಾಯ?

ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸದೆ ಗಣಿಯೊಳಗೆ ಇಟ್ಟಿರುವುದು ಸಂಪ್ರದಾಯಕ್ಕೆ ವಿರುದ್ಧ, ವಿಜಯದಶಮಿಯೊಳಗೆ ಮೇಲೆ ತರದಿದ್ದರೆ ಸ್ಪರ್ಧೆಯಿಂದ ಹೊರಗೆ ಎಂದು ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ತೀರ್ಪು ಹಾಕಿದ್ದೀರಿ. ಮದುವೆಯಲ್ಲಿ ಅಮ್ಮ ಕೊಟ್ಟ ರಾಜ-ರಾಣಿ ಅವು; ಇದು ನನ್ನ ಮೊದಲ ಗೊಂಬೆ ಹಬ್ಬ. ತೀರ್ಪು ಫೋಟೋ ಸಮೇತ ಮೈಸೂರಿಗೂ ಫಾರ್ವರ್ಡ್ ಆಗಿ ಅತ್ತೆ ಫೋನ್ ಮಾಡಿದರು. "ರಾಜನ ತಲೆ ಮೇಲೆ ಅದೇನಮ್ಮ ಹಳದಿ? ಕಿರೀಟ ಎಲ್ಲಿ ಹೋಯ್ತು?" ಗಣಿಯವರ ಹೆಲ್ಮೆಟ್ ಅತ್ತೆ, ಅಕ್ರೋಟಿನ ಚಿಪ್ಪಿಗೆ ಬಣ್ಣ ಬಳಿದು ಮಾಡಿದ್ದು, ಕಿರೀಟ ಅದರೊಳಗೆ ಸುರಕ್ಷಿತವಾಗಿದೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಹನಿಮೂನಿಗೆ ಎಲ್ಲರೂ ಕಡಲತೀರ ಅಂದರು. ಕೌಸ್ತುಭ್ ನನ್ನನ್ನು ಉತ್ತರ ಇಂಗ್ಲೆಂಡಿನ ಬೆಟ್ಟಗಳ ಮೇಲಿನ ಪಾಳುಬಿದ್ದ ಸೀಸದ ಗಣಿಗಳಿಗೆ ಕರೆದುಕೊಂಡು ಹೋದ. ಅಳುವುದೊಂದು ಬಾಕಿಯಿತ್ತು. ಆದರೆ ಎಂಥಾ ಜಾಗ ಗೊತ್ತೇ! ಮರವೇ ಇಲ್ಲದ ಬೋಳುಬೆಟ್ಟ, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ, ಒಂಟಿ ಚಿಮಣಿ, ಇವತ್ತಿಗೂ ಹುಲ್ಲು ಹುಟ್ಟದ ಕಲ್ಲುಪುಡಿಯ ದಿಬ್ಬ, ನಿಮಗಿಂತ ಗಂಭೀರವಾಗಿ ನಮ್ಮನ್ನು ಪರಿಶೀಲಿಸಿದ ಕುರಿಗಳು. ಬೆಟ್ಟದ ಪಕ್ಕೆಯಲ್ಲೊಂದು ಕಲ್ಲಿನ ಕಮಾನು, ಅದೇ ಸುರಂಗದ ಬಾಯಿ. ಒಳಗೆ ಹೋಗಬಾರದೆಂದು ಬೋರ್ಡಿತ್ತು, ಹೋಗಲಿಲ್ಲ. ಮಳೆ ಬಂತೆಂದು ಕಮಾನಿನಡಿ ಕೂತು ಕೋಡುಬಳೆ ತಿಂದೆವು. ಅಲ್ಲಿಯವರೆಗೆ ಹವಾಮಾನ ಬಿಟ್ಟು ಬೇರೇನೂ ಮಾತಾಡದ ನನ್ನ ಗಂಡ ಕತ್ತಲನ್ನೇ ನೋಡುತ್ತಾ, "ಇದರೊಳಗೆ ಯಾರೂ ಒಬ್ಬರೇ ಇಳೀತಿರಲಿಲ್ವಂತೆ. ಮದುವೆಗೆ ಮುಂಚೆ ಲಿಯಾಂಡರ್ ಊರಿನ ಮನೆಗೆ ನಾನು ದಿನಾ ಒಬ್ಬನೇ ಬರ್ತಿದ್ದೆ, ನಿಶಿತಾ" ಅಂದ. ಈಗ ಹೇಳಿ, ನನ್ನ ರಾಜ-ರಾಣಿ ಎಲ್ಲಿರಬೇಕು?

ಅದಕ್ಕೇ ಊಟದ ಮೇಜಿನ ಮೇಲೆ ರಾಗಿ ಪೈರಿನ ಬೆಟ್ಟ, ಹತ್ತಿಯ ಕುರಿ. ಕೆಳಗೆ ಸುತ್ತಲೂ ಕಂಬಳಿ ಇಳಿಬಿಟ್ಟು ಗಣಿ. ಪಕ್ಷಪಾತ ಆಗಬಾರದೆಂದು ಸಂಘದವರು ಹೊರಗಿನ ಊರಾದ ಕ್ಯಾರಲ್ಟನ್‌ನಿಂದ ನಿಮ್ಮನ್ನು ಕರೆಸಿದರು. ಫ್ಲೈಓವರ್‌ಗಿಂತ ಎತ್ತರದ್ದೇನೂ ಇಲ್ಲದ ಊರಿನವರು ಬೆಟ್ಟಕ್ಕೆ ಅಂಕ ಕೊಡುವುದು ಹೇಗೆಂದು ನಾನೇನಾದರೂ ಕೇಳಿದೆನೇ? ನೀವು ಟಾರ್ಚ್ ಹಿಡಿದು ಮಂಡಿಯೂರಿ ಒಳಗೆ ಹೋದಿರಿ. ಪರಿಶೀಲನೆ ಕೂಲಂಕಷವಾಗಿತ್ತು, ಒಪ್ಪುತ್ತೇನೆ. ಹೊರಗೆ ಬರುವ ಯೋಜನೆ ಮಾತ್ರ ಇರಲಿಲ್ಲ. ನಿಮ್ಮ ಬೆಲ್ಟು ಮೇಜಿನ ಅಡ್ಡಪಟ್ಟಿಗೆ ಸಿಕ್ಕಿಕೊಂಡಿತು. ಕೌಸ್ತುಭ್ ಕಾಲು ಹಿಡಿದು ಎಳೆದ. ಮೇಲೆ ಕುರಿಗಳು ಉರುಳಿದವು, ನೀವು ಅಲ್ಲಾಡಲಿಲ್ಲ. ಕೊನೆಗೆ ತಮ್ಮ ಧರ್ಮಪತ್ನಿ ವಿಜಯಮ್ಮ ಆಂಟಿ ರೇಷ್ಮೆ ಸೀರೆಯಲ್ಲೇ ಇನ್ನೊಂದು ಕಡೆಯಿಂದ ತೆವಳಿ ಹೋಗಿ ಬೆಲ್ಟು ಬಿಡಿಸಿದರು.

ಆಮೇಲೂ ನೀವಿಬ್ಬರೂ ಹೊರಗೆ ಬರಲಿಲ್ಲ.

"ಸ್ವಲ್ಪ ಇರೇ, ಇಲ್ಲಿ ಎಷ್ಟು ಹಾಯಾಗಿದೆ" ಎಂದದ್ದು ಯಾರ ದನಿ, ಮಾನ್ಯರೇ? ಕಂಬಳಿಯ ಸಂದಿಯಿಂದ ಬಳೆಗಳ ಕೈಯೊಂದು ಹೊರಬಂದು ಎರಡು ಬಟ್ಟಲು ಕಡಲೆ ಉಸಲಿ ಕೇಳಿತು. ಮುಂದಿನ ಮನೆಯ ಗೊಂಬೆಗಳು ಕಾಯುತ್ತಿದ್ದವು. ಒಳಗೆ ನೀವಿಬ್ಬರೂ ನಗುತ್ತಿದ್ದಿರಿ. ಕತ್ತಲಲ್ಲಿ ಜೊತೆಯಾಗಿ ಕೂರುವುದು ನಿಮಗೆ ಸಂಸಾರ, ನನ್ನ ಗೊಂಬೆಗಳಿಗೆ ಅಪರಾಧವೇ?

ಬಹುಮಾನ ಬೇಡ. "ಸಂಪ್ರದಾಯಕ್ಕೆ ವಿರುದ್ಧ" ಎಂಬ ಮಾತನ್ನು ಅದೇ ಗುಂಪಿನಲ್ಲಿ, ಅತ್ತೆಯವರೆಗೂ ತಲುಪುವ ಹಾಗೆ, ಹಿಂತೆಗೆದುಕೊಳ್ಳಿ. ನಾಳೆ ವಿಜಯದಶಮಿ, ಪಟ್ಟದ ಗೊಂಬೆಗಳನ್ನು ಮಲಗಿಸುವ ದಿನ. ನನ್ನವು ಗಣಿಯಲ್ಲೇ ಅಕ್ಕಪಕ್ಕ ಮಲಗುತ್ತವೆ. ಹಬ್ಬ ಮುಗಿದರೂ ಗಣಿ ಬಿಚ್ಚುವುದಿಲ್ಲ. ಭಾನುವಾರದವರೆಗೆ ಹಾಗೇ ಇಟ್ಟಿರು, ಇವರನ್ನು ಕರೆದುಕೊಂಡು ಬರ್ತೀನಿ ಎಂದು ಆಂಟಿ ಫೋನ್ ಮಾಡಿದ್ದಾರೆ.

ಈ ಸಲ ದಯವಿಟ್ಟು ಬೆಲ್ಟ್ ಹಾಕಿಕೊಂಡು ಬರಬೇಡಿ.

ಇಂತಿ,
ಹಬ್ಬ ಶುರುವಾದಾಗಿನಿಂದ ನೆಲದ ಮೇಲೆ ಕೂತು ಊಟ ಮಾಡುತ್ತಿರುವ
ನಿಶಿತಾ ಕೌಸ್ತುಭ್, ಲಿಯಾಂಡರ್